ಮಂಜುಶ್ರೀ ಹೊಲಿದ ದಿಬ್ಬಣ

ಪಾರ್ವತಿಬಾಯಿಯ ಬಾಯಿಗೆ ಎದುರು ನಿಂತು ಗೆದ್ದವರು ಮಹಾರಾಷ್ಟ್ರದ ಸಿಡ್ಕೋ ಬಡಾವಣೆಯ ಆ ಓಣಿಯಲ್ಲಿ ಒಬ್ಬರೂ ಇರಲಿಲ್ಲ. ತರಕಾರಿಯವನಿಗೆ ಮರಾಠಿಯಲ್ಲಿ, ನೀರು ಬಿಡುವವನಿಗೆ ಹಿಂದಿಯಲ್ಲಿ, ಗಂಡನಿಗೆ ಅಪ್ಪಟ ಭಾಲ್ಕಿಯ ಕನ್ನಡದಲ್ಲಿ, ಯಾರು ಏನೇ ಕೇಳಲಿ, ಉತ್ತರ ತಯಾರಾಗಿಯೇ ಇರುತ್ತಿತ್ತು. ಒಂದೇ ಒಂದು ಪ್ರಶ್ನೆಗೆ ಮಾತ್ರ ಆಕೆ ತಡವರಿಸುತ್ತಿದ್ದಳು. "ಮಕ್ಕಳು ಎಷ್ಟ್ ಮಂದಿರಿ ನಿಮಗ?" ಎಂದು ಯಾರಾದರೂ ಕೇಳಿದರೆ ಸೆರಗು ಸರಿಮಾಡಿಕೊಂಡು, "ನಮ್ಮ ವೈಷ್ಣವಿ ಬ್ಯಾಂಕಿನಾಗ ಇದ್ದಾಳರಿ" ಎಂದು ಕೇಳದ ಮಾತಿಗೆ ಉತ್ತರ ಕೊಟ್ಟು, ಚಹಾ ಮಾಡುವ ನೆಪದಲ್ಲಿ ಒಳಗೆ ಎದ್ದುಹೋಗುತ್ತಿದ್ದಳು.

ವೈಷ್ಣವಿ ಎರಡನೆಯವಳು. ಮೊದಲನೆಯವಳು ಮಂಜುಶ್ರೀ.

ಮಂಜುಶ್ರೀ ನಡೆಯಲು ಕಲಿತದ್ದು ತಡ, ಮಾತು ಕಲಿತದ್ದು ಇನ್ನೂ ತಡ. ಬುದ್ಧಿಯ ಬೆಳವಣಿಗೆ ನಿಧಾನ, ಹೀಗೆಯೇ ಇರುತ್ತದೆ ಎಂದು ಡಾಕ್ಟರರು ಹೇಳಿದರು. ಎರಡನೆಯ ಇಯತ್ತೆಗೆ ಬರುವಷ್ಟರಲ್ಲಿ ಶಾಲೆಯವರು ಕೈಮುಗಿದು ಮನೆಗೆ ಕಳಿಸಿದರು. ಅಲ್ಲಿಂದ ಮುಂದೆ, ಶಿವನೇ, ಒಂದು ಇಡೀ ಹರೆಯವನ್ನು ಆ ಹುಡುಗಿ ಹಿಂದಿನ ಕೋಣೆಯ ಕಿಟಕಿಯ ಹತ್ತಿರ ಕಳೆದಳು. ಬಂದವರು ಹೋಗುವ ತನಕ ಅವಳು ಹೊರಗೆ ಬರುವ ಹಾಗಿರಲಿಲ್ಲ. ಅವಳಿಗೆ ಅದು ಶಿಕ್ಷೆ ಎಂದು ಗೊತ್ತಿರಲಿಲ್ಲ. ಎಲ್ಲರ ಮನೆಯಲ್ಲೂ ಒಬ್ಬರು ಹಿಂದಿನ ಕೋಣೆಯಲ್ಲಿ ಇರುತ್ತಾರೆ ಎಂದೇ ತಿಳಿದಿದ್ದಳು.

ತಂದೆ ವಿಶ್ವನಾಥಪ್ಪ ಚಿಕಲಠಾಣಾದ ಒಂದು ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ ಮನುಷ್ಯ. ಮನೆಯಲ್ಲಿ ದನಿ ಎತ್ತಿದವನಲ್ಲ. ರಿಟೈರ್ ಆದ ಮರುವಾರ ಮಾತ್ರ ಯಾರನ್ನೂ ಕೇಳದೆ ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟ. ಬೆಳೆದ ವಯಸ್ಸಿನ ಇಂಥ ಮಕ್ಕಳಿಗೆ ಕೆಲಸ ಕಲಿಸುವ ಒಂದು ಕಾರ್ಯಶಾಲೆ ಹಳೇ ಬಂಗಲೆಯೊಂದರಲ್ಲಿ ನಡೆಯುತ್ತಿತ್ತು. ಅಲ್ಲಿ ಬಿಟ್ಟುಬಂದ. "ಮಂದಿ ನೋಡ್ತಾರ, ಏನಂತಾರ?" ಎಂದು ಪಾರ್ವತಿಬಾಯಿ ಎಗರಾಡಿದ್ದಕ್ಕೆ, "ನೋಡ್ಲಿ ಬಿಡು" ಎಂದು ಪೇಪರು ಬಿಡಿಸಿಕೊಂಡ.

ಕಾರ್ಯಶಾಲೆಯಲ್ಲಿ ಮಂಜುಶ್ರೀಗೆ ಮೊದಲು ಲಕೋಟೆ ಅಂಟಿಸಲು ಕೊಟ್ಟರು. ಅಂಟೆಲ್ಲ ಮೈಗೆ ಮೆತ್ತಿಕೊಂಡಿತು. ಹಣತೆಗೆ ಬಣ್ಣ ಹಚ್ಚಲು ಕೊಟ್ಟರು, ಬೇಜಾರು ಮಾಡಿಕೊಂಡು ಎದ್ದಳು. ಒಂದು ದಿನ ಗುಲಮಂಡಿ ಪೇಟೆಯ ದರ್ಜಿಗಳು ಕೊಟ್ಟ ಚಿಂದಿಯ ಗಂಟು ಬಿಚ್ಚಿದ್ದರು. ಅದರ ಮುಂದೆ ಕುಳಿತವಳು ಊಟಕ್ಕೂ ಏಳಲಿಲ್ಲ. ಸಂಜೆಗೆ ಅವಳ ಮಡಿಲಲ್ಲಿ ಬಟ್ಟೆಯ ಒಂದು ಪುಟ್ಟ ಕೈ ಇತ್ತು, ಬೆರಳು ಸಮೇತ. ಮುಂದಿನ ದಿನಗಳಲ್ಲಿ ಆ ಕೈಗೊಂದು ತೋಳು, ತೋಳಿಗೊಂದು ಮೈ ಬಂತು. ಇವತ್ತಿಗೂ ಅವಳ ಗೊಂಬೆಗಳು ಕೈಯಿಂದಲೇ ಸುರುವಾಗುತ್ತವೆ. ಯಾಕೆ ಎಂದು ಅಲ್ಲಿಯ ಶಿಕ್ಷಕಿ ಪ್ರಜ್ಞಾ ಕೇಳಿದ್ದಕ್ಕೆ, "ಕೈ ಇಲ್ಲಂದ್ರ ಏನ್ ಹಿಡೀತಾವ?" ಎಂದು ಅವಳೇ ತಿರುಗಿ ಕೇಳಿದಳು.

ಅಲ್ಲಿ ಒಂದು ಕಟ್ಟುನಿಟ್ಟು ಇತ್ತು. ದೀಪಾವಳಿಯ ಪ್ರದರ್ಶನದಲ್ಲಿ ವಸ್ತು ಮಾಡಿದವರೇ ಮೇಜಿನ ಹಿಂದೆ ನಿಲ್ಲಬೇಕು, ಕೈಮುಗಿದು ತಮ್ಮ ಹೆಸರು ಹೇಳಬೇಕು, ಇದನ್ನು ನಾನೇ ಮಾಡಿದ್ದು ಎನ್ನಬೇಕು. ಇನ್ನೊಂದು, ಹೊಲಿಗೆ ಸಡಿಲವಾಗಿದ್ದರೆ ಪ್ರಜ್ಞಾ ಆ ಗೊಂಬೆಯನ್ನು ಮೇಜಿಗೆ ತರಲು ಬಿಡುತ್ತಿರಲಿಲ್ಲ. ಮಂಜುಶ್ರೀ ಇವೆರಡನ್ನೂ ವೇದದ ಹಾಗೆ ಹಿಡಿದುಕೊಂಡಿದ್ದಳು. ಕನ್ನಡಿಯ ಮುಂದೆ ನಿಂತು, "ನನ್ನ ಹೆಸರ ಮಂಜುಶ್ರೀ. ಇದನ್ನ ನಾ ಮಾಡೀನಿ" ಎಂದು ಅಭ್ಯಾಸ ಮಾಡುವಳು. ಪಾರ್ವತಿಬಾಯಿ ಆ ಪ್ರದರ್ಶನಕ್ಕೆ ಒಂದು ವರ್ಷವೂ ಹೋಗಲಿಲ್ಲ. ಮೊಣಕಾಲು ನೋವು ಎನ್ನುತ್ತಿದ್ದಳು. ಸುಳ್ಳು. ಅದೇ ಮೊಣಕಾಲಲ್ಲಿ ಆಕೆ ತ್ರ್ಯಂಬಕೇಶ್ವರದ ಸಾಲಿನಲ್ಲಿ ಅರ್ಧ ದಿನ ನಿಂತು ಬಂದಿದ್ದಳು.

ಹೀಗಿರುವಾಗ ವೈಷ್ಣವಿಗೆ ನಾಸಿಕದ ಸಂಬಂಧ ಬಂತು. ಹುಡುಗ ರವಿಕಾಂತ, ಮೂಲ ಬಸವಕಲ್ಯಾಣದ ಕಡೆಯವರು, ಮನೆತನ ಒಳ್ಳೆಯದು. ಇದಕ್ಕೆ ಮೊದಲು ವೈಷ್ಣವಿಯನ್ನು ನೋಡಲು ಬಂದ ಲಾತೂರಿನವರೊಬ್ಬರು ಮಂಜುಶ್ರೀಯನ್ನು ಬಾಗಿಲಲ್ಲಿ ಕಂಡು, ಅವಲಕ್ಕಿಯ ತಟ್ಟೆಯನ್ನು ಅರ್ಧಕ್ಕೆ ಇಟ್ಟು ಎದ್ದುಹೋಗಿದ್ದರು. ಆ ಅರ್ಧ ತಟ್ಟೆ ಪಾರ್ವತಿಬಾಯಿಯ ಕಣ್ಣಿನಿಂದ ಹೋಗಿರಲಿಲ್ಲ. ಅದಕ್ಕೇ ರವಿಕಾಂತನ ತಾಯಿ ಮಹಾಲಕ್ಷ್ಮಿ ಫೋನಿನಲ್ಲಿ ಕೇಳಿದಾಗ, "ಒಬ್ಬಾಕಿನೇ ಮಗಳ್ರಿ ನಮಗ" ಎಂದುಬಿಟ್ಟಳು. ಮಾತು ಬಾಯಿಂದ ಬಿದ್ದ ಮೇಲೆ ತಪ್ಪಾಯಿತು ಎಂದು ಗೊತ್ತಾಯಿತು. ಆದರೂ ವಾಪಸು ತೆಗೆದುಕೊಳ್ಳಲಿಲ್ಲ. ಅಕ್ಕನನ್ನು ಯಾಕೆ ಮುಚ್ಚಿಟ್ಟೆ ಎಂದು ವೈಷ್ಣವಿ ಜಗಳ ತೆಗೆದದ್ದಕ್ಕೆ, "ಲಗ್ನ ಆಗ್ಲಿ, ನಾನೇ ಹೇಳ್ತೀನಿ. ಮೊದಲೇ ಬಾಯಿ ಬಿಟ್ಟಿ ಅಂದ್ರ ನನ್ನ ಆಣಿ ಅದ ನೋಡು" ಎಂದು ತಾಯಿ ಅವಳ ಬಾಯಿಗೆ ಬೀಗ ಹಾಕಿದಳು.

ಈಗ ರುಖವತದ ಮಾತು. ಮಹಾರಾಷ್ಟ್ರದ ಮದುವೆಗಳಲ್ಲಿ ಹುಡುಗಿಯ ಕಡೆಯವರು ಒಂದು ಮೇಜು ಸಿಂಗರಿಸಿ, ಮದುಮಗಳೇ ಮಾಡಿದ್ದು ಎಂದು ಉಂಡೆ, ಚಕ್ಕುಲಿ, ಕೈಕುಸುರಿಯ ವಸ್ತುಗಳನ್ನು ಜೋಡಿಸಿಡುತ್ತಾರೆ. ಗಂಡಿನ ಕಡೆಯ ಹೆಂಗಸರು ಬಂದು ನೋಡಿ, ಹುಡುಗಿಯ ಕೈ ಎಂಥದು ಎಂದು ಅಳೆಯುತ್ತಾರೆ. ಇಲ್ಲಿ ನೆಲೆನಿಂತ ನಮ್ಮವರೂ ಈ ಪದ್ಧತಿ ಹಿಡಿದುಕೊಂಡಿದ್ದಾರೆ. ವೈಷ್ಣವಿಗೋ ಗುಂಡಿ ಹೊಲಿಯಲೂ ಬರುತ್ತಿರಲಿಲ್ಲ. ತಂಗಿಯ ಮದುವೆ ಎಂದು ಕೇಳಿದ ದಿನದಿಂದ ಮಂಜುಶ್ರೀ ಮಾತ್ರ ತಲೆಯೆತ್ತದೆ ಹೊಲಿಯುತ್ತಿದ್ದಳು. ಬ್ಯಾಂಡಿನವರು, ಕುದುರೆ, ಕಳಶ ಹೊತ್ತ ಹೆಂಗಸರು, ಬೆನ್ನು ಬಾಗಿದ ಅಯ್ಯನವರು, ಮದುಮಕ್ಕಳು, ಅಪ್ಪ, ಅವ್ವ. ಒಂದು ಇಡೀ ದಿಬ್ಬಣ. ಕೊನೆಗೆ ಗಿಣಿಹಸಿರು ಸೀರೆಯ ಒಂದು ಗೊಂಬೆ ಮಾಡಿ, ಅದರ ಕೈಯನ್ನು ಅವ್ವನ ಕೈಗೆ ಸೇರಿಸಿ ಹೊಲಿದಳು. "ಇದು ನಾನು" ಎಂದಳು.

ನೋಡಿದ ಪಾರ್ವತಿಬಾಯಿಗೆ ಮೊದಲು ಹೊಳೆದದ್ದು ಏನು ಗೊತ್ತೇ? ರುಖವತದ ಚಿಂತೆ ಕಳೆಯಿತು ಎಂಬುದು! ಹೊಗಳಬೇಕು ಎಂದು ಅಲ್ಲ, ತಲೆ ನೇವರಿಸಬೇಕು ಎಂದೂ ಅಲ್ಲ.

ಮದುವೆ ನಾಸಿಕದ ಒಂದು ಕಲ್ಯಾಣಮಂಟಪದಲ್ಲಿ ಇತ್ತು. ಮಂಜುಶ್ರೀಯನ್ನು ನೆರೆಮನೆಯ ಉಮಾಶ್ರೀಯ ಹತ್ತಿರ ಬಿಟ್ಟುಹೋಗುವುದೆಂದು ಆಕೆ ಎಣಿಸಿದ್ದಳು. "ಅಕ್ಕ ಬರಲಿಲ್ಲಂದ್ರ ನಾನೂ ಗಾಡಿ ಹತ್ತೂದಿಲ್ಲ" ಎಂದು ವೈಷ್ಣವಿ ಹಟ ಹಿಡಿದಳು. ಸರಿ, ಕರೆದುಕೊಂಡು ಹೋಗುವುದು, ಆದರೆ ಅಕ್ಷತೆ ಬೀಳುವ ತನಕ ಮೇಲಿನ ಕೋಣೆಯಲ್ಲಿ ಇರಬೇಕು ಎಂದಾಯಿತು. ದಾರಿಯುದ್ದಕ್ಕೂ ಪಾರ್ವತಿಬಾಯಿ ಪಾಠ ಹೇಳಿಕೊಟ್ಟಳು.

"ಗೊಂಬಿ ಯಾರ್ ಮಾಡ್ಯಾರ ಅಂತ ಯಾರರ ಕೇಳಿದ್ರ ಏನಂತೀ?"

"ನಾ ಮಾಡೀನಿ."

"ಅಲ್ಲವ್ವಾ. ವೈಷ್ಣವಿ ಮಾಡ್ಯಾಳ ಅನ್ನಬೇಕು."

"ಖರೇ ಅಂದ್ರ ನಾ ಮಾಡೀನಿ."

"ಹೌದು, ನೀನೇ. ಆದ್ರ ಲಗ್ನದಾಗ ಹಂಗೇ ಹೇಳ್ತಾರ. ನೀ ಛಲೋ ಹುಡುಗಿ ಹೌದಿಲ್ಲ?"

ಛಲೋ ಹುಡುಗಿ ತಲೆಯಾಡಿಸಿದಳು. ಮುಂದಿನ ಸೀಟಿನಲ್ಲಿದ್ದ ವಿಶ್ವನಾಥಪ್ಪ ತಿರುಗಿ ಹೆಂಡತಿಯನ್ನು ಒಮ್ಮೆ ನೋಡಿ, ಮತ್ತೆ ರಸ್ತೆಯ ಕಡೆ ಮುಖ ಮಾಡಿದ.

ಮದುವೆಯ ದಿನ ಬೆಳಿಗ್ಗೆ ಮಂಜುಶ್ರೀ ಸ್ನಾನಕ್ಕೆ ಹೋದಾಗ ಪಾರ್ವತಿಬಾಯಿ ಒಬ್ಬಳೇ ಕೆಳಗಿಳಿದು ದಿಬ್ಬಣ ಜೋಡಿಸಿದಳು. ಹಸಿರು ಸೀರೆಯ ಗೊಂಬೆ ಕೈಗೆ ಬಂದಾಗ ಒಂದು ಗಳಿಗೆ ನಿಂತಳು. ಯಾರಿದು ಎಂದು ಬೀಗರು ಕೇಳಿದರೆ? ಪರ್ಸಿನಿಂದ ಕತ್ತರಿ ತೆಗೆದಳು. ಹೊಲಿಗೆ ಎಷ್ಟು ಬಿಗಿಯಿತ್ತೆಂದರೆ ಕತ್ತರಿಯ ತುದಿ ತೂರಿಸಲು ಕಷ್ಟವಾಯಿತು. ಕಡೆಗೂ ಕತ್ತರಿಸಿ, ಗೊಂಬೆಯನ್ನು ಪರ್ಸಿಗೆ ಹಾಕಿ ಜಿಪ್ ಎಳೆದಳು. ಏನೋ ಕದ್ದವಳ ಹಾಗೆ ಸುತ್ತ ನೋಡಿಕೊಂಡಳು.

ಅಕ್ಷತೆಗೆ ಇನ್ನೂ ಹೊತ್ತಿತ್ತು. ಮಹಾಲಕ್ಷ್ಮಿ ತನ್ನ ಕಡೆಯ ಹೆಂಗಸರನ್ನು ಕಟ್ಟಿಕೊಂಡು ಮೇಜಿನ ಹತ್ತಿರ ಬಂದರು. ದೊಡ್ಡ ದನಿಯ, ನೇರ ಮಾತಿನ ಹೆಂಗಸು. ಉಂಡೆ ಚಕ್ಕುಲಿಯ ಕಡೆ ನೋಡಲೂ ಇಲ್ಲ, ಗೊಂಬೆಗಳ ಮುಂದೆಯೇ ನಿಂತುಬಿಟ್ಟರು.

"ಅಯ್ಯಯ್ಯ, ಇವರು ನಮ್ಮ ಬೀಗರೇ ಅಲ್ಲೇನ್ರಿ! ಹಂಗೇ ಕಿಸೆದಾಗ ಕೈ ಇಟ್ಕೊಂಡು ನಿಂತಾರ ನೋಡ್ರಿ" ಎಂದು ನಕ್ಕರು. ಹೆಂಗಸರೆಲ್ಲ ನಕ್ಕರು. "ಇದು ನೀವು, ಪಾರ್ವತಿಬಾಯಿ. ಮಾರಿ ಅಂದ್ರ ನಿಮ್ಮದೇ ಮಾರಿ. ಆದ್ರ ಈ ಕೈ ಯಾಕ ಬಾಜೂಕ ಹಿಂಗ ಚಾಚ್ಯದ? ಯಾರನ್ನರ ಹಿಡಕೊಂಡಂಗ ಅದ."

"ಹುಡುಗಿ ಹೊಲಿಯೂದ್ರಾಗ ತಪ್ಪ್ಯಾಳರಿ" ಎಂದಳು ಪಾರ್ವತಿಬಾಯಿ. ನಾಲಿಗೆ ಸ್ವಲ್ಪವೂ ತೊದಲಲಿಲ್ಲ.

ಅಷ್ಟರಲ್ಲಿ ಮಂಜುಶ್ರೀ ಮೆಟ್ಟಿಲಿಳಿದು ಬರುತ್ತಿರುವುದು ಕಂಡಿತು. ಗಿಣಿಹಸಿರು ಸೀರೆ, ಕೈತುಂಬ ಬಳೆ. ಮೇಲಿನಿಂದ ಫ್ಯಾನು ಕಂಡಿತ್ತಂತೆ, ಗಾಳಿಗೆ ಬ್ಯಾಂಡಿನವರು ಬಿದ್ದಾರು ಎಂದು ಜೀವ ತಡೆಯದೆ ಬಂದಿದ್ದಳು. ಪಾರ್ವತಿಬಾಯಿ ತಟ್ಟನೆ ಮಹಾಲಕ್ಷ್ಮಿಯ ಕಡೆ ತಿರುಗಿದಳು.

"ನಮ್ಮ ಓಣಿ ಹುಡುಗಿರಿ, ಕೈಯಾಸರಕ್ಕ ಇರಲಿ ಅಂತ ಕರಕೊಂಡ್ ಬಂದೀವಿ" ಎಂದಳು, ಯಾರೂ ಕೇಳುವ ಮೊದಲೇ.

"ಬಾರವ್ವ, ಬಾ" ಎಂದರು ಮಹಾಲಕ್ಷ್ಮಿ. "ನಿನಗರ ಗೊತ್ತೇನ, ಇಷ್ಟ್ ಛಂದ ಗೊಂಬಿ ಯಾರ್ ಮಾಡ್ಯಾರ?"

ಮೇಜು, ಮೇಜಿನ ಮೇಲೆ ತನ್ನ ಗೊಂಬೆ, ಎದುರಿಗೆ ಕೇಳುವ ಜನ. ಮಂಜುಶ್ರೀಯ ಮೈ ತಾನಾಗಿಯೇ ನೆಟ್ಟಗಾಯಿತು. ಮೇಜಿನ ಹಿಂದೆ ಹೋಗಿ ನಿಂತು ಕೈಮುಗಿದಳು. "ನನ್ನ ಹೆಸರ ಮಂಜುಶ್ರೀ. ಇದನ್ನ ನಾ…" ಎಂದವಳು ನಿಂತಳು. ತಾಯಿಯ ಮುಖ ನೋಡಿದಳು. "ಇದನ್ನ ವೈಷ್ಣವಿ ಮಾಡ್ಯಾಳ." ಹೇಳಿ ಮುಗಿಸಿದ್ದೇ ತಡ, ಮುಖವೆಲ್ಲ ಅರಳಿತು. "ಅವ್ವಾ, ಬರೋಬ್ಬರಿ ಹೇಳಿದೆನಿಲ್ಲ?"

ಹೆಂಗಸರ ನಗು ನಿಂತಿತು. ಮಹಾಲಕ್ಷ್ಮಿ ಮಂಜುಶ್ರೀಯ ಮುಖ ನೋಡಿದರು, ಪಾರ್ವತಿಬಾಯಿಯ ಮುಖ ನೋಡಿದರು. ಅದೇ ಗದ್ದ, ಅದೇ ಹುಬ್ಬು. ಮುಚ್ಚಿಡಲು ಇನ್ನೇನು ಉಳಿದಿತ್ತು?

"ಈಕಿ ಯಾರ್ರಿ?"

"ನನ್ನ ಮಗಳರಿ. ಹಿರೇಕಿ." ಪಾರ್ವತಿಬಾಯಿಯ ದನಿ ಆಕೆಗೇ ಕೇಳಿಸಲಿಲ್ಲ. "ಗೊಂಬಿ ಎಲ್ಲಾ ಈಕಿನೇ ಮಾಡ್ಯಾಳ. ತಪ್ಪಾಯ್ತರಿ. ಲಗ್ನಕ್ಕ ಏನೂ…"

"ಲಗ್ನಕ್ಕ ಏನಾಗ್ತದ? ಹುಡುಗ ಹುಡುಗಿ ಒಪ್ಪಿ ಆಗ್ಯದ." ಮಹಾಲಕ್ಷ್ಮಿಗೆ ನಿಜಕ್ಕೂ ಸಿಟ್ಟು ಬಂದಿತ್ತು. "ಆದ್ರ ನಮ್ಮನ್ನ ಏನ್ ತಿಳಕೊಂಡ್ರಿ ನೀವು? ನಿಮ್ಮ ಮನಿ ಮಂದಿಗೆಲ್ಲ ನಾನೇ ಅಂಗಡಿಗೆ ಹೋಗಿ ಉಡುಗೊರಿ ಕೊಡ್ಲಿಕ್ಕ ಆಹೇರದ ಸೀರಿ ಆರಿಸೀನಿ. ನಿಮ್ಮ ನಾದಿನಿಗೆ, ನಾದಿನಿ ಸೊಸಿಗೆ, ಯಾರಿಗೂ ಬಿಟ್ಟಿಲ್ಲ. ಮದುಮಗಳ ಖಾಸ ಅಕ್ಕಗ ಒಂದ್ ಕುಬಸದ ತುಂಡು ಸೈತ ನನ್ನ ಕಡಿ ಇಲ್ಲ. ಹೆತ್ತಾಕಿನೇ ಲೆಕ್ಕಕ್ಕ ಹಿಡೀಲಿಲ್ಲಂದ್ರ ನಾ ಎಲ್ಲಿಂದ ಹಿಡೀಲಿ?"

ಅಷ್ಟು ಹೇಳಿ, ಸೊಸೆಯಂದಿರನ್ನು ಕೂಗುತ್ತ, ಇದ್ದುದರಲ್ಲೇ ಒಂದು ಸೀರೆ ಹುಡುಕಲು ಸರಸರ ನಡೆದರು. ಉಳಿದ ಹೆಂಗಸರು ಒಬ್ಬೊಬ್ಬರಾಗಿ ಸರಿದರು. ಬಯ್ಗುಳವಾದರೂ ಇನ್ನಷ್ಟು ಹೊತ್ತು ಇರಬಾರದಿತ್ತೇ ಎನ್ನಿಸಿತು ಪಾರ್ವತಿಬಾಯಿಗೆ. ಮೇಜಿನ ಹತ್ತಿರ ಈಗ ತಾಯಿ ಮಗಳು ಇಬ್ಬರೇ.

ಮಂಜುಶ್ರೀಗೆ ಈ ಗದ್ದಲದಲ್ಲಿ ಅರ್ಧ ತಿಳಿದಿತ್ತು, ಅರ್ಧ ತಿಳಿದಿರಲಿಲ್ಲ. ಅವಳ ಗಮನ ಆಗಲೇ ದಿಬ್ಬಣದ ಕಡೆ ಹೋಗಿತ್ತು. ಬ್ಯಾಂಡಿನವರನ್ನು ಮುಟ್ಟಿ ನೋಡಿದಳು, ಕುದುರೆಯನ್ನು ನೆಟ್ಟಗೆ ನಿಲ್ಲಿಸಿದಳು. ಅವ್ವನ ಗೊಂಬೆಯ ಹತ್ತಿರ ಬಂದು ಬೆರಳು ನಿಂತಿತು. ಆ ಪುಟ್ಟ ಅಂಗೈಯಲ್ಲಿ ದಾರದ ಎರಡು ಎಳೆ ಜೋಲಾಡುತ್ತಿದ್ದವು.

"ಅವ್ವಾ, ನಾ ಎಲ್ಲಿ?"

ಪಾರ್ವತಿಬಾಯಿ ಪರ್ಸನ್ನು ಕಂಕುಳಿಗೆ ಒತ್ತಿಕೊಂಡಳು.

"ನಾ ಎಲ್ಲ್ಯರ ಬಿದ್ದೀನಿ." ಮಂಜುಶ್ರೀ ಹೊಸ ಸೀರೆಯಲ್ಲೇ ನೆಲಕ್ಕೆ ಮೊಣಕಾಲೂರಿ, ಮೇಜಿನ ಬಟ್ಟೆ ಎತ್ತಿ ಕೆಳಗೆ ಹುಡುಕತೊಡಗಿದಳು. ಚಪ್ಪಲಿಗಳ ನಡುವೆ ಕೈಯಾಡಿಸಿದಳು. ಹೋಗಿ ಬರುವವರು ನೋಡುತ್ತಿದ್ದರು. ನೋಡಲಿ ಬಿಡು ಎಂದು ಪಾರ್ವತಿಬಾಯಿಗೆ ಜೀವನದಲ್ಲಿ ಮೊದಲ ಸಲ ಅನ್ನಿಸಿತು, ಆದರೆ ಅದರಿಂದ ಯಾವ ಸಮಾಧಾನವೂ ಆಗಲಿಲ್ಲ. ಪರ್ಸಿನ ಜಿಪ್ ಎಳೆದಳು. ಗೊಂಬೆಯನ್ನು ಹೊರತೆಗೆದು ಮಗಳ ಮುಂದೆ ಹಿಡಿದಳು.

ಮಂಜುಶ್ರೀ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಕೈಯ ತುದಿಯಲ್ಲಿ ದಾರ ಹೋಗಿತ್ತು. ಅವಳ ಮುಖ ಸಪ್ಪಗಾಯಿತು. "ದಾರ ಕಡದದ ಅವ್ವಾ. ನಾ ಬಿಗಿ ಹೊಲದಿಲ್ಲ. ನಂದೇ ತಪ್ಪು. ಅದಕ್ಕ ನೀ ಮ್ಯಾಲ ಇಟ್ಟಿಲ್ಲ."

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಹೂಂ ಎನ್ನಲು ಪಾರ್ವತಿಬಾಯಿಯ ಬಾಯಿಯೂ ತೆರೆದಿತ್ತು. ಆದರೆ ಈ ಹುಡುಗಿ ಇದನ್ನೂ ತನ್ನ ತಲೆಗೇ ಕಟ್ಟಿಕೊಂಡು ಹೋಗುವುದನ್ನು ನೋಡುತ್ತ ನಿಲ್ಲಲು ಆಗಲಿಲ್ಲ. ಮಗಳ ಪಕ್ಕದಲ್ಲೇ ನೆಲದ ಮೇಲೆ ಕುಸಿದು ಕುಳಿತಳು.

"ಇಲ್ಲ ಮಂಜು. ನೀ ಬಿಗೀನೇ ಹೊಲದಿದ್ದಿ. ಭಾಳ ಬಿಗಿ ಇತ್ತು. ನಾ ಕತ್ರಿಲೆ ಕತ್ತರಿಸೀನಿ."

"ನೀ?"

"ನಾನೇ."

"ಯಾಕ?"

ಹೊರಗೆ ಬ್ಯಾಂಡು ಸುರುವಾಯಿತು. ಯಾರೋ ಅಕ್ಷತೆಗೆ ಕರೆಯುತ್ತಿದ್ದರು. ಪಾರ್ವತಿಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಂಜುಶ್ರೀ ಗೊಂಬೆಯನ್ನು ಮಡಿಲಲ್ಲಿಟ್ಟುಕೊಂಡು ತಾಯಿಯ ಮುಖವನ್ನೇ ನೋಡುತ್ತ ಉತ್ತರಕ್ಕೆ ಕಾದು ಕುಳಿತಿದ್ದಳು.