ಒಂದು ಸುತ್ತು ಹೆಚ್ಚಾದ ಜಾಕಿ

ನಮ್ಮ ಚಿಕ್ಕಪ್ಪನಿಗೆ ಪೇಟೆಯಲ್ಲಿ ಕಂಬದಣ್ಣ ಎಂದೇ ಹೆಸರು. ಮಳಿಗೆಗಳಲ್ಲಿ ಗೋಡೆ ಒಡೆದು ಬಾಗಿಲು ದೊಡ್ಡದು ಮಾಡಬೇಕೆಂದರೆ, ಎಲ್ಲೋ ತೊಲೆ ಬಿರುಕು ಬಿಟ್ಟಿತೆಂದರೆ, ರಿಪೇರಿ ಮುಗಿಯುವತನಕ ಕೆಳಗಿನಿಂದ ಕಬ್ಬಿಣದ ಕಂಬಗಳ ಆಸರೆ ಕೊಡುವುದು ಅವನ ಕೆಲಸ. ಆ ಕಂಬಕ್ಕೆ ಜಾಕಿ ಎನ್ನುತ್ತಾರೆ. ನಡುವೆ ಒಂದು ತಿರುಪು. ತಿರುಗಿಸಿದರೆ ಕಂಬ ಉದ್ದವಾಗುತ್ತ ಹೋಗಿ ತೊಲೆಗೆ ತಾಗುತ್ತದೆ. ತಾಗಿ ಬಿಗಿಯಾಯಿತೆಂದರೆ ಕೈ ತೆಗೆಯಬೇಕು. ಅಲ್ಲಿಂದಾಚೆ ತಿರುಗಿಸಿದರೆ ಕಂಬ ಬರೀ ಹೊರುವುದಿಲ್ಲ, ಎತ್ತುತ್ತದೆ.

"ಹೊರಬೇಕು, ಎತ್ತಬಾರದು" ಎನ್ನುವುದು ಚಿಕ್ಕಪ್ಪನ ಮಂತ್ರ. ಕೆಲಸದಲ್ಲಷ್ಟೇ ಅಲ್ಲ, ಮನೆಯಲ್ಲೂ. ಚಿಕ್ಕಮ್ಮ ಯಾವುದಕ್ಕಾದರೂ ಕೂಗಾಡಿದರೆ ಅದನ್ನೇ ಹೇಳುತ್ತಿದ್ದ. ಅವಳು "ಮೊದಲು ಆ ಬಕೆಟ್ ಎತ್ತು" ಎನ್ನುತ್ತಿದ್ದಳು. ಉಪದೇಶ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈಯುರಿ. ಆದರೂ ಅವನು ಆಸರೆ ಕೊಟ್ಟ ಕಡೆ ಒಂದು ಚೂರು ಗಿಲಾವೂ ಉದುರಿದ್ದಿಲ್ಲ, ಅದನ್ನು ಒಪ್ಪಲೇಬೇಕು.

ನಾನು ಕೆಲಸ ಮಾಡುವುದು ನಮ್ಮ ಅತ್ತೆಯ ಹೊಲಿಗೆ ಅಂಗಡಿಯಲ್ಲಿ. ಅತ್ತೆ ಎಂದರೆ ಚಿಕ್ಕಪ್ಪನ ಅಕ್ಕ. ಬಾಯಿ ಜೋರು, ಕತ್ತರಿ ಇನ್ನೂ ಜೋರು. ಅಂಗಡಿ ಮೇಲಿನ ಮಹಡಿಯಲ್ಲಿದೆ, ಕೆಳಗೆ ಚಪ್ಪಲಿ ಅಂಗಡಿ. ಗಿರಾಕಿಗಳು ಬಟ್ಟೆ ತೊಟ್ಟು ನೋಡಲೆಂದು ಅತ್ತೆ ಆಗಷ್ಟೇ ಒಂದು ಅಡ್ಡಗೋಡೆ ಎಬ್ಬಿಸಿ ಕೋಣೆ ಮಾಡಿಸಿದ್ದಳು. ಕಟ್ಟಿದವನು ಚಿಕ್ಕಪ್ಪನ ಹಳೆಯ ಜೊತೆಗಾರ ಮೇಸ್ತ್ರಿ. ಒಬ್ಬ ಆಸರೆ ಕೊಡುವುದು, ಇನ್ನೊಬ್ಬ ಕಟ್ಟುವುದು, ಇಬ್ಬರೂ ಒಂದೇ ಲೋಟದ ಟೀ ಹಂಚಿಕೊಳ್ಳುವುದು. ಪೇಟೆಯವರು ಇವರನ್ನು ಗಂಡ ಹೆಂಡತಿ ಎಂದು ರೇಗಿಸುತ್ತಿದ್ದರು.

ಅಷ್ಟರಲ್ಲಿ ಆ ಗೋಡೆಯ ನೇರ ಕೆಳಗೆ, ಚಪ್ಪಲಿ ಅಂಗಡಿಯ ತೊಲೆಯಲ್ಲಿ ಬಿರುಕು ಕಾಣಿಸಿತು. ಇಂಜಿನಿಯರ್ ಬಂದು ನೋಡಿ, ಸದ್ಯಕ್ಕೆ ಆಸರೆ ಸಾಕು, ರಿಪೇರಿಗೆ ತಾನು ಮತ್ತೆ ಬರುತ್ತೇನೆಂದು ಹೋದ. ಚಿಕ್ಕಪ್ಪ ಜಾಕಿಗಳನ್ನು ನಿಲ್ಲಿಸಿ, ಬಿಗಿ ನೋಡಿ, ಕೈ ಒರೆಸಿಕೊಂಡ. ಅಂಗಡಿ ಮಾಲೀಕ ಬಿರುಕನ್ನೇ ನೋಡುತ್ತ ನಿಂತಿದ್ದ.

"ಇದನ್ನ ನೋಡಿದ್ರೆ ಗಿರಾಕಿಗಳು ಒಳಗೇ ಬರಲ್ಲ ಕಂಬದಣ್ಣ. ನಿಮ್ಮ ಕೈಲಿ ಆಗದ್ದು ಏನಿದೆ ಹೇಳಿ?"

ಚಿಕ್ಕಪ್ಪ ಬೈಗುಳ ತಡೆದುಕೊಳ್ಳಬಲ್ಲ, ಹೊಗಳಿಕೆ ತಡೆದುಕೊಳ್ಳಲಾರ. ಉಬ್ಬಿಹೋದ. ನಡುವಿನ ಜಾಕಿಯ ತಿರುಪನ್ನು ಇನ್ನೊಂದು ಸುತ್ತು ತಿರುಗಿಸಿದ. ತೊಲೆ ಮೇಲೆದ್ದಿತು, ಬಿರುಕು ಮುಚ್ಚಿಕೊಂಡಿತು. ಅಂಗಡಿ ಹುಡುಗಿಯರು ಚಪ್ಪಾಳೆ ತಟ್ಟಿದರು.

ಆ ಹೊತ್ತಿಗೆ ಮೇಲೆ ನಮ್ಮ ಹೊಸ ಗೋಡೆ ಓರೆಯಾಗಿ ಸೀಳಿತು. ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು, ಒಳಗಿದ್ದ ಹೆಂಗಸು ಒಂದೇ ತೋಳು ಹೊಲಿದಿದ್ದ ಕೋಟು ತೊಟ್ಟು ಬಾಗಿಲು ಬಡಿಯತೊಡಗಿದಳು. ನಾನು ಕೆಳಗೆ ಓಡಿ ಚಿಕ್ಕಪ್ಪನನ್ನು ಕರೆತಂದೆ. ಅವನು ಹಾರೆ ಹಾಕಿ ಬಾಗಿಲು ಮೀಟಿದ. ಗೋಡೆಯ ಸೀಳಿನ ಮೇಲೆ ಕೈಯಿಟ್ಟು ನೋಡಿದ.

"ಏನೋ ಇದು? ಮೊನ್ನೆ ಮೊನ್ನೆ ಕಟ್ಟಿದ ಗೋಡೆ" ಎಂದಳು ಅತ್ತೆ.

"ಗಾರೆ ಹದ ಸರಿಯಾಗಿಲ್ಲ ಅನ್ಸುತ್ತೆ ಅಕ್ಕ."

ಅವನ ಕಿವಿ ಕೆಂಪಗಾಗಿತ್ತು. ಗೆಳೆಯನ ಮೇಲೆ ಸಿಟ್ಟೇನೋ ಎಂದುಕೊಂಡೆ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ.

ಮೇಸ್ತ್ರಿ ಬಂದ. ಗಿರಾಕಿಗಳ ಎದುರಿಗೇ ಅತ್ತೆ ಅವನ ನೀರಿಳಿಸಿದಳು. ಚಿಕ್ಕಪ್ಪ ಪಕ್ಕದಲ್ಲೇ ಇದ್ದ, ಬಾಯಿಗೆ ಬೀಗ. ಮೇಸ್ತ್ರಿ ಸೀಳನ್ನು ಕೆರೆದು ಹೊಸ ಗಾರೆ ತುಂಬಿದ. ಕೆಳಗೆ ತೊಲೆಯ ಬಿರುಕು ಮತ್ತೆ ಕೂದಲೆಳೆಯಷ್ಟು ಬಿಟ್ಟುಕೊಂಡಿತು, ಮಾಲೀಕ ಮುಖ ಗಂಟಿಕ್ಕಿದ, ಚಿಕ್ಕಪ್ಪ ಇನ್ನಷ್ಟು ತಿರುಗಿಸಿದ. ಮೇಲೆ ತುಂಬಿದ ಗಾರೆ ಬಿಟ್ಟುಕೊಂಡಿತು. ಮೇಸ್ತ್ರಿ ಮತ್ತೆ ತುಂಬಿದ, ಅದೂ ಬಿಟ್ಟುಕೊಂಡಿತು. ಚಿಕ್ಕಪ್ಪನಿಗೆ ಎಲ್ಲ ಗೊತ್ತಿತ್ತು. ತಿರುಪು ಮುಟ್ಟುವಾಗೆಲ್ಲ ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿತ್ತಂತೆ, ಆಮೇಲೆ ಅವನೇ ಹೇಳಿದ್ದು. ಆದರೂ ತಿರುಗಿಸಿದ. ಮೇಸ್ತ್ರಿ ಟೀಗೆ ಕರೆದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದ.

ಕೊನೆಗೊಂದು ದಿನ ಮೇಸ್ತ್ರಿ ಮೆಟ್ಟಿಲ ಬಳಿ ಅವನನ್ನು ತಡೆದು ಗಾರೆ ಮೆತ್ತುವ ತನ್ನ ಕರಣೆಯನ್ನು ಕೈಗೆ ಕೊಟ್ಟ. ಹಿಡಿ ಸವೆದು ಅವನ ಮುಷ್ಟಿಯ ಆಕಾರಕ್ಕೇ ಬಂದಿದ್ದ ಕರಣೆ. ನಾನು ಮೇಲಿನ ಮೆಟ್ಟಿಲಲ್ಲಿ ಬಟ್ಟೆ ಗಂಟು ಹೊತ್ತು ನಿಂತಿದ್ದೆ.

"ಇದನ್ನ ನೀನೇ ಇಟ್ಕೋ. ನನ್ನ ಕೈ ಕೆಟ್ಟುಹೋಯ್ತು. ಮಗಳ ಮನೇಲಿ ಮೊಮ್ಮಗಳನ್ನ ಆಡಿಸ್ಕೊಂಡು ಇದ್ದುಬಿಡ್ತೀನಿ."

"ಏನ್ ಮಾತು ಅಂತ ಆಡ್ತೀಯ" ಎಂದ ಚಿಕ್ಕಪ್ಪ.

"ಬೇರೆ ಯಾರಾದ್ರೂ ಹೇಳಿದ್ರೆ ಜಗಳ ಆಡ್ತಿದ್ದೆ. ಹದ ಸರಿಯಿಲ್ಲ ಅಂತ ನೀನೇ ಹೇಳಿದ್ಯಂತೆ. ನೀನು ಹೇಳಿದ್ಮೇಲೆ ಇನ್ನೇನಿದೆ?"

ಚಿಕ್ಕಪ್ಪ ಕರಣೆ ಹಿಡಿದುಕೊಂಡೇ ಚಪ್ಪಲಿ ಅಂಗಡಿಗೆ ನುಗ್ಗಿದ. ಅತ್ತೆಯನ್ನು ಕೆಳಗೆ ಕರೆಸಿದ. ಚಪ್ಪಲಿ ಹಾಕಿ ನೋಡುತ್ತಿದ್ದವರು ಒಂಟಿ ಕಾಲಲ್ಲಿ ನಿಂತು ನೋಡಿದರು.

"ಗೋಡೆ ಸೀಳಿದ್ದು ನನ್ನಿಂದ. ತೊಲೆ ಎತ್ತಿದ್ದು ನಾನು" ಎಂದು ತಿರುಪನ್ನು ಹಿಂದಕ್ಕೆ ಸಡಿಲಿಸತೊಡಗಿದ, ನಿಧಾನವಾಗಿ, ಸ್ವಲ್ಪ ಸ್ವಲ್ಪವೇ. ತೊಲೆಯ ಬಿರುಕು ಎಲ್ಲರೆದುರು ಬಿಟ್ಟುಕೊಂಡಿತು. ಮಾಲೀಕ ಏನೋ ಅನ್ನಲು ಹೋದ, ಅತ್ತೆ ಕಣ್ಣಲ್ಲೇ ಸುಮ್ಮನಾಗಿಸಿದಳು. ನಾನು ಮೇಲೆ ಹೋಗಿ ನೋಡಿದೆ. ಕೋಣೆಯ ಬಾಗಿಲು ಒಂದೇ ಬೆರಳಿಗೆ ತೆರೆದುಕೊಂಡಿತು.

ಇಳಿದು ಬಂದು ಹೇಳಿದರೆ ಯಾರ ಮುಖದಲ್ಲೂ ಸಂತೋಷವಿಲ್ಲ.

"ನಾನು ಅವನನ್ನ ಬಾಯಿಗೆ ಬಂದ ಹಾಗೆ ಬಯ್ಯುವಾಗ ಪಕ್ಕದಲ್ಲೇ ನಿಂತಿದ್ಯಲ್ಲೋ" ಎಂದಳು ಅತ್ತೆ. ಚಿಕ್ಕಪ್ಪ ತಲೆ ಎತ್ತಲಿಲ್ಲ. ನನಗೂ ನಾಚಿಕೆಯಾಯಿತು. ಅವನು ನಮ್ಮವನಲ್ಲವೇ?

ಹಿಂದೆಯೇ ಬಂದಿದ್ದ ಮೇಸ್ತ್ರಿ ಕೇಳಿದ್ದು ಒಂದೇ ಮಾತು. "ಹಾಗಾದ್ರೆ ನನ್ನ ಹದ ಸರಿ ಇತ್ತಾ?"

"ಇತ್ತು."

ಮೇಸ್ತ್ರಿ ಕರಣೆಯನ್ನು ಅವನ ಕೈಯಿಂದ ತೆಗೆದುಕೊಂಡು, ಅಂಗಿಗೆ ಒರೆಸಿ, ಗೋಡೆ ಸರಿಮಾಡಲು ಮೇಲೆ ಹೋದ.

ಈಗಲೂ ಇಬ್ಬರೂ ಜೊತೆಗೇ ಕೆಲಸಕ್ಕೆ ಹೋಗುತ್ತಾರೆ. ಟೀ ಮಾತ್ರ ಬೇರೆ ಬೇರೆ ಲೋಟ. ಹೊರಬೇಕು, ಎತ್ತಬಾರದು ಎಂಬ ಮಂತ್ರ ಮನೆಯಲ್ಲಿ ಕೇಳಿಸುವುದಿಲ್ಲ. ಚಿಕ್ಕಮ್ಮ ಕೂಗಾಡಿದರೆ ಚಿಕ್ಕಪ್ಪ ಎದ್ದು ಬಕೆಟ್ ಎತ್ತುತ್ತಾನೆ. ಮೊನ್ನೆ ಔಷಧಿ ಅಂಗಡಿಯೊಂದರಲ್ಲಿ ಅವನು ಆಸರೆ ಕೊಡುವಾಗ ಮೇಸ್ತ್ರಿಯೇ ಜಾಕಿಯ ಬುಡ ಹಿಡಿದುಕೊಂಡಿದ್ದನಂತೆ. ತಿರುಪು ಎಲ್ಲಿ ನಿಂತಿತೆಂದು ಕಣ್ಣಾರೆ ನೋಡಿದ್ದನಂತೆ. ಆದರೂ ಗಾರೆ ಕಲಸುವ ಮುಂಚೆ, ಆವತ್ತಿನಿಂದ ಪ್ರತಿ ಸಲ ಕೇಳುವಂತೆ, ತಿರುಗಿ ಕೇಳಿದನಂತೆ.

"ಎತ್ತಿಲ್ಲ ತಾನೇ?"

"ಇಲ್ಲ" ಎಂದ ಚಿಕ್ಕಪ್ಪ, ನೆಲ ನೋಡುತ್ತ.