ಸಜ್ಜೆ ರೊಟ್ಟಿಯ ಮೇಲಿನ ಎಳ್ಳು

ನಾನು ಭೌತಶಾಸ್ತ್ರ ಓದಿದ್ದು ಒಂದು ರೊಟ್ಟಿಯ ದೆಸೆಯಿಂದ. ಚಿಕ್ಕಂದಿನಲ್ಲಿ, ಹಂಸಭಾವಿಯ ನಮ್ಮ ಮನೆಯಲ್ಲಿ, ಭೋಗಿಯ ದಿನ, ಅವ್ವ ಸಜ್ಜೆ ರೊಟ್ಟಿ ಬಡಿಯುತ್ತಿದ್ದಾಗ ಅದರ ಮೇಲಿನ ಎಳ್ಳುಗಳು ಒಂದರಿಂದ ಒಂದು ದೂರ ಸರಿದದ್ದನ್ನು ಕಂಡಿದ್ದೆ. ಮುಂದೆ ವಿಶ್ವವಿದ್ಯಾಲಯದಲ್ಲಿ, ಗೆಲಾಕ್ಸಿಗಳು ಓಡುತ್ತಿಲ್ಲ, ನಡುವಿನ ಜಾಗವೇ ಹಿಗ್ಗುತ್ತಿದೆ ಎಂದು ಮೇಷ್ಟ್ರು ಹೇಳಿದಾಗ ನನಗೆ ಅವ್ವನ ಅಂಗೈ ನೆನಪಾಯಿತು.

ಈ ಸಲದ ಭೋಗಿಗೆ ಅಕ್ಕಿಆಲೂರಿನ ಅಕ್ಕನ ಮನೆಗೆ ಹೋದಾಗ ಇದನ್ನು ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅಕ್ಕ ನಕ್ಕಳು.

"ಎಳ್ಳು ಕಡೀಕ ಹಚ್ಚತಾರ ತಮ್ಮಾ. ಮೊದಲ ಹಾಕಿದ್ರ ರೊಟ್ಟಿ ಹರೀತೈತಿ. ಇಷ್ಟ ಓದಿ ಇದೂ ಗೊತ್ತಿಲ್ಲೇನು?"

ಪೂರ್ತಿ ಬಡಿದ ರೊಟ್ಟಿಗೆ ಎಳ್ಳು ಹಚ್ಚುವುದಾದರೆ ಅದು ಸರಿಯುವುದೆಲ್ಲಿಂದ? ತರಗತಿಯಲ್ಲಿ ಕೇಳಿದ್ದನ್ನು ಒಯ್ದು ಅವ್ವನ ಒಲೆಯ ಮುಂದೆ ಇಟ್ಟುಕೊಂಡೆನೇ? ಅವ್ವ ಈಗಿಲ್ಲ, ಕೇಳುವಂತಿಲ್ಲ. ಅವಳಿಂದ ಬಂತೆಂದು ನಂಬಿದ್ದ ಬೆರಗು ನಾನೇ ಕಟ್ಟಿಕೊಂಡದ್ದಾದರೆ, ಅವಳದೆಂದು ನನ್ನಲ್ಲಿ ಉಳಿಯುವುದೇನು?

ಅಕ್ಕ ನನ್ನ ಮುಖ ನೋಡಿದಳು. ಹರಿದರೆ ಹರಿಯಲಿ ಎನ್ನುತ್ತ, ಹಿಟ್ಟಿನ ಉಂಡಿಯನ್ನು ಅಂಗೈಯಗಲ ಮಾಡಿ ಎಳ್ಳು ಉದುರಿಸಿ ಬಡಿಯತೊಡಗಿದಳು. ಎಳ್ಳುಗಳು ಸರಿದವು. ಒಂದರ ಮೇಲೆ ಕಣ್ಣಿಟ್ಟೆ: ಹತ್ತಿರದವು ಮೆಲ್ಲಗೆ, ದೂರದವು ಬೇಗ, ಎಲ್ಲವೂ ಅದರಿಂದಲೇ ದೂರ ಹೋಗುತ್ತಿದ್ದವು. ಇನ್ನೊಂದಕ್ಕೆ ಕಣ್ಣು ಹೊರಳಿಸಿದರೆ ಅಲ್ಲಿಂದಲೂ ಹಾಗೆಯೇ. ಯಾವ ಎಳ್ಳಿಗೆ ಕೇಳಿದರೂ ತಾನೇ ನಡುವೆ ಎನ್ನುತ್ತಿತ್ತು.

ಆಕಾಶದಲ್ಲೂ ಹೀಗೇ ಎಂದೆ. ಬೆಳಕಿಗಿಂತ ಬೇಗ ಹೋಗುವುದು ಇನ್ನೊಂದಿಲ್ಲ. ಆದರೂ ತೀರ ದೂರದಿಂದ ಇವತ್ತು ಹೊರಟ ಬೆಳಕಿಗೆ ದಾರಿಯೇ ಬೆಳೆಯುತ್ತ ಹೋಗುತ್ತದೆ ಎಂದೆ.

ಅಕ್ಕನ ಕೈ ನಿಂತಿತು. "ಹೊಂಟಿದ್ದು ಎಂದೂ ನಮಗ ಮುಟ್ಟಂಗಿಲ್ಲೇನು?"

"ಇಲ್ಲ."

ಅವಳು ಮತ್ತೆ ಬಡಿದಾಗ ರೊಟ್ಟಿ ಅಂಚಿನಲ್ಲಿ ಹರಿಯಿತು.

"ನಿನ್ನ ರೊಟ್ಟಿ ಯಾವಾಗ್ಲೂ ಹಿಂಗ ಹರದಿರ್ತಿತ್ತು," ಎಂದಳು. "ಅವ್ವ ಬಡ್ಯಾಕತ್ತಿರಬೇಕಾದ್ರನ ನೀ ಎಳ್ಳು ತೂರತಿದ್ದಿ. ತಡಕೊಳ್ಳೂದು ನಿನಗ ಆಗ್ತಿರಲಿಲ್ಲ."

ನೆನೆದು ಹೇಳಿದಳೋ, ನನ್ನ ಸಮಾಧಾನಕ್ಕೆ ಹೇಳಿದಳೋ, ಈಗಲೂ ಗೊತ್ತಿಲ್ಲ. ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವಳು ಇನ್ನೊಂದು ಉಂಡಿ ತೆಗೆದುಕೊಂಡು, ಬಡಿಯುವ ಮೊದಲೇ ಎಳ್ಳು ಉದುರಿಸಿ, ಬಾಗಿ ನೋಡುತ್ತಿದ್ದಳು. ನಾನೂ ಬಾಗಿದೆ.