ತೂತು ಬಿದ್ದ ಕಾಯಿ

ಬಿಳಿಗೆರೆಯಿಂದ ಒಳಕ್ಕೆ, ತೋಟಗಳ ನಡುವಿನ ಗಾಡಿಜಾಡು ಹಿಡಿದು ಹೋದರೆ ಸಿಗುವ ಒಂದು ಹಳ್ಳಿಯಲ್ಲಿ ಕಲ್ಲಮ್ಮ ಎಂಬ ಸೊಸೆ ಇದ್ದಳು. ಊರಿನಲ್ಲಿ ಅವಳಿಗೆ ಬಾಯಿಬಡುಕಿ ಎಂದು ಹೆಸರು. ಆ ಹೆಸರು ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೆಸರಿಟ್ಟವರಿಗೇ ನಾಚಿಕೆಯಾಗುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಅವಳ ದನಿ ಅಡುಗೆಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ದಾಟುವ ಹಾಗೆ ಮಾಡಿದ್ದು ಬೇರೆಯವರು.

ಅವಳ ಮೊದಲ ಮಗಳು ಗಿರಿಜಾಂಬಿಕಾಗೆ ಮೂರು ತುಂಬುವ ಹೊತ್ತಿಗೆ ದಡಾರ ಬಂತು. ಆ ಕಡೆ ದಡಾರವನ್ನು ಕಾಯಿಲೆ ಎನ್ನುತ್ತಿರಲಿಲ್ಲ, ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಬೇಕು, ಡಾಕ್ಟರ ಮಾತನ್ನಂತೂ ಎತ್ತುವಂತಿಲ್ಲ. ಕಲ್ಲಮ್ಮ ಎಲ್ಲವನ್ನೂ ಒಂದಕ್ಷರ ಬಿಡದೆ ಪಾಲಿಸಿದಳು. ಮೈಮೇಲಿನ ದದ್ದು ಬಾಡಿತು. ಮಗುವಿಗೆ ನೀರು ಹಾಕಿ, ಮೊಸರನ್ನದ ಎಡೆ ಇಟ್ಟು ಅಮ್ಮನನ್ನು ಕಳಿಸಿಕೊಟ್ಟರು. ಅಮ್ಮ ಹೋದಳು, ಕಿವಿಯ ಸೋರಿಕೆ ಉಳಿಯಿತು. ಕೀವು ಸೋರಿ ದಿಂಬಿಗೆ ಅಂಟುತ್ತಿತ್ತು. ತಿಪಟೂರಿಗೆ ಕರೆದುಕೊಂಡು ಹೋಗೋಣವೇ ಎಂದು ಕಲ್ಲಮ್ಮ ಗಂಡನನ್ನು ಕೇಳಿದಳು. ಅವನು ತನ್ನ ತಾಯಿಯನ್ನು ಕೇಳಿದ. ತಾಯಿ ಗುರುಶಾಂತಮ್ಮ, ಅಮ್ಮ ಬಂದು ಹೋದ ಮೈಯನ್ನು ಡಾಕ್ಟರಿಗೆ ಮುಟ್ಟಿಸಬಾರದು ಎಂದು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಮಗುವಿನ ಕಿವಿಗೆ ಬಿಟ್ಟಳು. ದಿನಾ ಬಿಟ್ಟಳು. ಒಂದು ಬೆಳಿಗ್ಗೆ ಹಿತ್ತಾಳೆ ಬಿಂದಿಗೆ ಕೈಜಾರಿ ಮಗುವಿನ ಬೆನ್ನ ಹಿಂದೆಯೇ ಬಿದ್ದು ಮನೆಯೆಲ್ಲ ಝಣ್ ಎಂದಿತು. ಕೊಟ್ಟಿಗೆಯ ಎಮ್ಮೆ ಬೆಚ್ಚಿತು. ಗಿರಿಜ ತಿರುಗಲಿಲ್ಲ.

ಆಮೇಲೆ ಡಾಕ್ಟರ ಹತ್ತಿರ ಕರೆದೊಯ್ದರು. ಆಮೇಲೆ. ಇನ್ನೇನೂ ಆಗುವುದಿಲ್ಲ ಎಂದು ಅವರು ಹೇಳಿ ಕಳಿಸಿದರು. ಊರವರು, ಅದು ಅಮ್ಮ ಕೊಟ್ಟ ಗುರುತು, ಪುಣ್ಯ ಮಾಡಿದವರಿಗೆ ಸಿಗುತ್ತದೆ ಎಂದರು. ಪುಣ್ಯ ಹಂಚುವುದಾದರೆ ತಮ್ಮ ಮಕ್ಕಳಿಗೂ ಒಂದಿಷ್ಟು ಬೇಡಿಕೊಳ್ಳಬಹುದಿತ್ತಲ್ಲ, ಒಬ್ಬರೂ ಬೇಡಲಿಲ್ಲ.

ಎರಡನೆಯದು ಗಂಡು, ತೋಂಟದಾರ್ಯ. ಆ ಮಗು ಅಂಬೆಗಾಲಿಡುತ್ತಿದ್ದಾಗ ಆಸ್ಪತ್ರೆಯ ನರ್ಸು ಲಕ್ಷ್ಮಿದೇವಮ್ಮ ಮನೆಮನೆಗೆ ಬಂದಳು. ಇಂದಿರಾ ಗಾಂಧಿ ತೀರಿಕೊಂಡು ವರ್ಷದ ಮೇಲಾಗಿತ್ತು. ದಡಾರಕ್ಕೂ ಈಗ ಸೂಜಿ ಬಂದಿದೆ, ಒಂಬತ್ತು ತಿಂಗಳು ತುಂಬಿದ ಮಕ್ಕಳಿಗೆ ಒಂದೇ ಸಲ ಹಾಕಿದರೆ ಸಾಕು, ಮುಂದಿನ ಬುಧವಾರ ಸ್ಕೂಲಿನ ಜಗಲಿಯಲ್ಲಿ ಕೂರುತ್ತೇನೆ ಎಂದು ಹೇಳಿದಳು. ಒಂದು ವಾರ ಬಿಟ್ಟು ವಸಿ ಮೈ ಬಿಸಿಯಾಗಬಹುದು, ಹೆದರಬೇಡಿ ಎಂದೂ ಹೇಳಿದಳು. ಕಲ್ಲಮ್ಮ ಒಲೆಯ ಮುಂದೆ ರಾಗಿ ಮುದ್ದೆ ತೊಳಸುತ್ತಿದ್ದವಳು ಕೋಲು ಕೆಳಗಿಟ್ಟು, ಈ ಸೂಜಿ ಇಷ್ಟು ದಿನ ಎಲ್ಲಿತ್ತು ಎಂದು ಕೇಳಿದಳು. ಇಲ್ಲಿಗೆ ಈಗ ಬಂತಕ್ಕ, ಏನ್ ಮಾಡ್ಲಿ ಎಂದು ನರ್ಸು ತಲೆ ತಗ್ಗಿಸಿದಳು.

ಗಂಡ ರೇವಣಸಿದ್ದಯ್ಯ ಕೆಟ್ಟವನಲ್ಲ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ಸಂತೆಯಿಂದ ಬರಿಗೈಲಿ ಬಂದವನಲ್ಲ. ಆದರೆ ಅವನ ತಲೆಯನ್ನು ಅವನ ದೊಡ್ಡಪ್ಪ ಸದಾಶಿವಯ್ಯ ಗುತ್ತಿಗೆ ಹಿಡಿದಿದ್ದರು. ಸದಾಶಿವಯ್ಯ ಕೊಬ್ಬರಿ ವ್ಯಾಪಾರದಲ್ಲಿ ಪಳಗಿದ ಯಜಮಾನರು. ರೇವಣಸಿದ್ದಯ್ಯ ಆಸ್ತಿ ಪಾಲಾಗಿ ಬೇರೆಯಾದ ಮೊದಲ ವರ್ಷ, ವರ್ಷವಿಡೀ ಒಣಗಿ ಕೊಬ್ಬರಿಯಾಗಲೆಂದು ಕಾಯಿಯನ್ನು ಅಟ್ಟಕ್ಕೆ ತುಂಬುವಾಗ, ಇಲಿ ಕೊರೆದ ಕಾಯಿಗಳನ್ನು ಅವರು ಒಂದೊಂದಾಗಿ ಆರಿಸಿ ಎಸೆಸಿದ್ದರು. ಪಕ್ಕದ ಮನೆಯವರು ಆರಿಸದೆ ತುಂಬಿದ್ದರಿಂದ ಅವರ ಅಟ್ಟದಲ್ಲಿ ಕಾಯಿ ಕೊಳೆತು ಕೆಳಗೆ ತೊಟ್ಟಿಕ್ಕಿತ್ತು. ಅಂದಿನಿಂದ ಇವನಿಗೆ ದೊಡ್ಡಪ್ಪನ ಮಾತೆಂದರೆ ಮಾತು. ಎಮ್ಮೆ ಕೊಳ್ಳಲೂ ಅವರನ್ನೇ ಕೇಳುವುದು, ಸೂಜಿ ಹಾಕಿಸಲೂ ಅವರನ್ನೇ.

ಅವತ್ತು ಸಂಜೆ ಜಗಲಿಯ ಮೇಲೆ ಸಭೆ ಕೂತಿತು. ಕಲ್ಲಮ್ಮ ಒಳಗಿನಿಂದ ಮಜ್ಜಿಗೆ ತಂದುಕೊಡುತ್ತಿದ್ದಳು. ಸದಾಶಿವಯ್ಯ ಪಕ್ಕದಲ್ಲಿದ್ದ ಕಾಯೊಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ತಮ್ಮ ಶಾಸ್ತ್ರ ಹೇಳಿದರು.

"ಅಲ್ಲಾ ಕಣ್ಲಾ ರೇವಣ್ಣ, ತೂತು ಬಿದ್ದ ಕಾಯಿ ಅಟ್ಟ ಹತ್ತಿದ್ರೆ ಕೊಬ್ರಿ ಆಯ್ತದೇನ್ಲಾ? ಗಾಳಿ ಹೊಕ್ಕಂತು, ಕೊಳೀತು. ವರ್ಸ ತುಂಬದ ಮಗ ಅಂದ್ರೆ ಎಳೆಗಾಯಿ ಇದ್ದಂಗೆ. ಅದುಕ್ಕೆ ಯಾರಾದ್ರೂ ಸೂಜಿ ಚುಚ್ಚುಸ್ತಾರಾ? ಒಳಗಿನ ಬಲ ಒಳಗೇ ಗಟ್ಟಿ ಆಗ್ಬೇಕು, ಬುಡು."

ಕೂತವರೆಲ್ಲ ತಲೆದೂಗಿದರು. ತೂಗದೆ ಏನು, ಎಲ್ಲರ ಮನೆಯ ಅಟ್ಟದಲ್ಲೂ ಕಾಯಿ ಇತ್ತು; ಈ ಮಾತು ಎಲ್ಲರಿಗೂ ಸಲೀಸಾಗಿ ಇಳಿಯಿತು. ಮರ ಹತ್ತುವ ಮಾಯಣ್ಣ ಮಾತ್ರ ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡು, "ಹಂಗಾರೆ ಮಗೀನೂ ಅಟ್ಟಕ್ಕೇ ಹಾಕ್ಬುಡಿ ಯಜಮಾನ್ರೇ, ಮುಂದಿನ ವರ್ಸ ಸುಲ್ಕೊಂಡ್ರಾಯ್ತು" ಎಂದ. ಎಲ್ಲರೂ ನಕ್ಕರು. ನಕ್ಕವರೂ, ನಗಿಸಿದವನೂ ತಮ್ಮ ತಮ್ಮ ಮಕ್ಕಳಿಗೆ ಸೂಜಿ ಬೇಡವೆಂದೇ ತೀರ್ಮಾನಿಸಿ ಎದ್ದು ಹೋದರು. ಹೆತ್ತವಳೊಬ್ಬಳು ಬಾಗಿಲಲ್ಲೇ ನಿಂತಿದ್ದಾಳೆ, ಅವಳಿಗೂ ಒಂದು ಮಾತು ಕೇಳೋಣ ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮಾರನೆಯ ದಿನ ತೋಟದಲ್ಲಿ ಗರಿ ಎಳೆಯುತ್ತಿದ್ದ ಗಂಡನಿಗೆ ಕಲ್ಲಮ್ಮ ನಿಧಾನವಾಗಿ ಹೇಳಿದಳು. ಕಾಯಿಯನ್ನು ಮರ ಹೆರುತ್ತದೆ, ಮಗುವನ್ನು ತಾನು ಹೆತ್ತಿದ್ದೇನೆ, ಎರಡೂ ಒಂದಲ್ಲ ಎಂದಳು. ಅವನು ಎಲ್ಲವನ್ನೂ ಕೇಳಿ, ದೊಡ್ಡಪ್ಪ ಹೇಳಿಯಾಯಿತಲ್ಲ ಎಂದ. ಆ ಮಾತಿಗೆ ಎದುರುತ್ತರವೇ ಇಲ್ಲ ಎಂಬ ಹಾಗೆ ಗರಿ ಎಳೆಯತೊಡಗಿದ. ಬುಧವಾರ ಹತ್ತಿರವಾಗುತ್ತಿತ್ತು. ಗಿರಿಜಳ ಕಿವಿ ಹೋದಾಗ ಸುಮ್ಮನಿದ್ದ ಹಾಗೆ ಈ ಸಲವೂ ಸುಮ್ಮನಿದ್ದರೆ ತೋಂಟನಿಗೆ ಏನಾಗುತ್ತದೋ ಎಂದು ಅವಳಿಗೆ ಅನ್ನ ಇಳಿಯಲಿಲ್ಲ.

ಸೋಮವಾರ ಮಗುವಿನ ಕಿವಿ ಚುಚ್ಚುವ ಶಾಸ್ತ್ರ. ಅದನ್ನು ಗುರುಶಾಂತಮ್ಮ ಮೊದಲೇ ಗೊತ್ತು ಮಾಡಿದ್ದಳು. ತಿಪಟೂರಿನಿಂದ ಆಚಾರಿ ಬಂದ. ಮಗುವಿನ ಸೋದರಮಾವ ಬಂದು ತೊಡೆಯ ಮೇಲೆ ಕೂರಿಸಿಕೊಂಡ. ಸದಾಶಿವಯ್ಯ ಎದುರಿಗೇ ಚಾಪೆಯ ಮೇಲೆ ಕೂತು, ಮಗುವಿಗೆ ನೋವು ಗೊತ್ತಾಗದಿರಲೆಂದು ಬೆಲ್ಲದ ಚೂರು ನೆಕ್ಕಿಸಿದರು. ಆಚಾರಿ ಬಂಗಾರದ ತಂತಿಯ ಮೊನೆಯನ್ನು ಒಂದು ಕಿವಿಗೆ ಚುಚ್ಚಿದ, ಇನ್ನೊಂದಕ್ಕೂ ಚುಚ್ಚಿದ. ಮಗು ಉಸಿರು ಕಟ್ಟಿ ಅತ್ತಿತು. ಕಿವಿಯ ತುದಿಯಲ್ಲಿ ರಕ್ತದ ಹನಿ ಮೂಡಿತು. ಹೆಂಗಸರು ನಕ್ಕು ಆರತಿ ಎತ್ತಿದರು, ಕೊಬ್ಬರಿ ಸಕ್ಕರೆ ಹಂಚಿದರು.

ಕಲ್ಲಮ್ಮ ಮಗುವನ್ನು ತೆಗೆದುಕೊಂಡು ಸೆರಗಿನಿಂದ ರಕ್ತ ಒರೆಸಿದಳು. ಎಲ್ಲರೂ ಕೂತಿದ್ದಂತೆಯೇ ಕೇಳಿದಳು.

"ದೊಡ್ಡಮಾವ, ಈ ಕಾಯಿಗೆ ಈಗ ಎಲ್ಡು ತೂತು ಬಿತ್ತಲ್ಲ. ಕೊಳೆಯಾದು ಯಾವತ್ತು?"

ಸದಾಶಿವಯ್ಯ ಮೊದಲು ನಕ್ಕರು. ಯಾರೂ ಜೊತೆಗೆ ನಗಲಿಲ್ಲ. ಬೆಲ್ಲ ಅಂಟಿದ ಬೆರಳು ಒರೆಸಿಕೊಂಡು, "ಅದು ಬಂಗಾರ ಕಣಮ್ಮ. ಬಂಗಾರ ಮುಟ್ಟಿದ್ದು ಕೆಡಾಕಿಲ್ಲ" ಎಂದರು.

"ನನ್ ಮಗಳ ಕಿವಿಗೂ ಬಂಗಾರವೇ ಹಾಕ್ಸಿದ್ರಿ. ಓಲೆ ಐತೆ. ಕಿವಿ ಇಲ್ಲ."

ಗುರುಶಾಂತಮ್ಮ, ಸೊಸೆಯಾದವಳು ಹಿರಿಯರಿಗೆ ಎದುರಾಡುತ್ತಾಳಲ್ಲ ಎಂದು ಗೊಣಗಲು ಹೋದವಳು, ಅಲ್ಲೇ ಕಂಬಕ್ಕೆ ಒರಗಿ ಕೊಬ್ಬರಿ ಸಕ್ಕರೆ ತಿನ್ನುತ್ತಿದ್ದ ಗಿರಿಜಳನ್ನು ನೋಡಿ ಮಾತು ನುಂಗಿದಳು. ಆಚಾರಿ ತನ್ನ ಸಾಮಾನು ಕಟ್ಟಿಕೊಂಡ. ಬಾಯಿಬಡುಕಿ ಎಂಬ ಹೆಸರು ಹುಟ್ಟಿದ್ದು ಅವತ್ತು. ಸಾಯಂಕಾಲದ ಹೊತ್ತಿಗೆ ಊರೆಲ್ಲ ಹಬ್ಬಿತ್ತು.

ಬುಧವಾರ ರೇವಣಸಿದ್ದಯ್ಯ ಜಗಲಿಯ ಮೇಲೆ ಮಚ್ಚು ಮಸೆಯುತ್ತಾ ಕೂತಿದ್ದ. ಕಲ್ಲಮ್ಮ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಗಿರಿಜಳ ಕೈಹಿಡಿದು ಹೊರಬಂದಳು. ಅವನು ತಲೆ ಎತ್ತಿ ನೋಡಿದ. ಮತ್ತೆ ತಲೆ ತಗ್ಗಿಸಿ ಮಚ್ಚು ಮಸೆಯತೊಡಗಿದ. ತಡೆಯದೆ ಬಿಟ್ಟದ್ದನ್ನೇ ಅವನು ಮುಂದೆ ಎಷ್ಟೋ ದಿನ ದೊಡ್ಡ ಉಪಕಾರದಂತೆ ಹೇಳಿಕೊಂಡ.

ಸ್ಕೂಲಿನ ಜಗಲಿಯಲ್ಲಿ ಲಕ್ಷ್ಮಿದೇವಮ್ಮ ಐಸಿನ ಡಬ್ಬ ಇಟ್ಟುಕೊಂಡು ಒಬ್ಬಳೇ ಕೂತಿದ್ದಳು. ಹೆಂಗಸರು ನಲ್ಲಿಯ ಹತ್ತಿರ ನಿಂತು ನೋಡುತ್ತಿದ್ದರು, ಹತ್ತಿರ ಬರಲಿಲ್ಲ. ಸೂಜಿ ಹಾಕುವುದಕ್ಕೆ ಕಿವಿ ಚುಚ್ಚಿದಷ್ಟು ಹೊತ್ತೂ ಹಿಡಿಯಲಿಲ್ಲ.

ನರ್ಸು ಹೇಳಿದಂತೆಯೇ ಒಂದು ವಾರದ ಮೇಲೆ ಮಗುವಿನ ಮೈ ಬಿಸಿಯಾಯಿತು. ಗುರುಶಾಂತಮ್ಮ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಅಮ್ಮನನ್ನು ಕೆಣಕಿದ್ದಕ್ಕೆ ಇದು ಎಂದಳು. ಕಲ್ಲಮ್ಮ ಸೊಪ್ಪನ್ನು ಕೀಳಲಿಲ್ಲ. ಸೊಪ್ಪಿನ ಕೆಳಗೇ ಹೋಗಿಬಂದು ಮಗುವಿಗೆ ಗಂಜಿ ಕುಡಿಸಿದಳು, ನರ್ಸು ಕೊಟ್ಟ ಮಾತ್ರೆ ಅರೆದು ಕುಡಿಸಿದಳು, ಮೈ ಒರೆಸಿದಳು. ಮಲಗಿದರೆ ಅದರ ಕಿವಿಯ ಹತ್ತಿರ ಬೆರಳು ಚಿಟಕಿಸಿ, ತಿರುಗುತ್ತದೋ ಇಲ್ಲವೋ ನೋಡುವಳು. ತಿರುಗುತ್ತಿತ್ತು. ಜ್ವರ ಇಳಿಯಿತು.

ಯುಗಾದಿ ಕಳೆದ ಮೇಲೆ ಆ ಊರಿಗೆ ದಡಾರ ಹೊಕ್ಕಿತು. ಬೀದಿಯ ಬಾಗಿಲು ಬಾಗಿಲಿಗೂ ಬೇವಿನ ಸೊಪ್ಪು. ಮಾಯಣ್ಣನ ಮಗುವಿಗೆ ಎದೆ ಕಟ್ಟಿತು. ಅವನು ಯಾವ ಯಜಮಾನರನ್ನೂ ಕೇಳದೆ ಬಸ್ಸು ಹತ್ತಿಸಿ ತಿಪಟೂರು ಆಸ್ಪತ್ರೆಗೆ ಹೊತ್ತೊಯ್ದು ಉಳಿಸಿಕೊಂಡ. ತೋಂಟ ಆ ಮಕ್ಕಳ ನಡುವೆಯೇ ಮಣ್ಣಾಡಿಕೊಂಡು ಓಡಾಡಿದ. ಅವನಿಗೆ ಒಂದು ದದ್ದೂ ಏಳಲಿಲ್ಲ.

ಇಷ್ಟಾದ ಮೇಲೆ ಸದಾಶಿವಯ್ಯನವರ ಮನೆಯಲ್ಲಿ ಮೊಮ್ಮಗನಿಗೆ ಹೆಸರಿಡುವ ಊಟ. ಹೆಂಗಸರ ಪಂಕ್ತಿಯಲ್ಲಿ ಕಲ್ಲಮ್ಮ, ಪಕ್ಕದಲ್ಲಿ ಗಿರಿಜ, ತೊಡೆಯ ಮೇಲೆ ತೋಂಟ. ಹೋಳಿಗೆ ಬಡಿಸಿಯಾಗಿತ್ತು, ತುಪ್ಪ ಬರುತ್ತಿತ್ತು. ಸದಾಶಿವಯ್ಯ ಪಂಕ್ತಿಯ ಉದ್ದಕ್ಕೂ ಉಪಚಾರ ಹೇಳುತ್ತಾ ಬಂದವರು ತೋಂಟನ ಕೆನ್ನೆ ಸವರಿ, ನೆಂಟರಿಗೆಲ್ಲ ಕೇಳುವಂತೆ ಹೇಳಿದರು:

"ನೋಡಿ, ನಮ್ ಮನೆತನದ ಹುಡ್ಗ. ಈ ಊರ್ನಾಗೆ ದಡಾರದ ಸೂಜಿ ಮೊದ್ಲು ಹಾಕ್ಸಿದ್ದು ನಾವೇ ಕಣ್ರೀ. ಜನಕ್ಕೆ ಎಷ್ಟ್ ಹೇಳಿದ್ರೂ ತಿಳ್ಯಾಕಿಲ್ಲ."

ನೆಂಟರು ಮೆಚ್ಚಿಕೊಂಡರು. ಗಂಡಸರ ಪಂಕ್ತಿಯಲ್ಲಿ ರೇವಣಸಿದ್ದಯ್ಯ ಎಲೆ ನೋಡಿಕೊಂಡು ಹೋಳಿಗೆ ಮುರಿಯುತ್ತಿದ್ದ.

ಪಂಕ್ತಿಯಲ್ಲಿ ಕೂತವರು ಎಲ್ಲರೂ ಉಂಡು ಮುಗಿಯುವ ತನಕ ಏಳಬಾರದು. ನಡುವೆ ಎದ್ದರೆ ಮನೆಯ ಯಜಮಾನನ ಮುಖಕ್ಕೆ ಎಂಜಲು ಎರಚಿದ ಹಾಗೆ. ಇದು ಆ ಕಡೆ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಕಲ್ಲಮ್ಮನಿಗೂ ಗೊತ್ತಿತ್ತು. ಅವಳು ಮುಟ್ಟದ ಹೋಳಿಗೆಯ ಮೇಲೆ ಎಲೆ ಮಡಿಸಿ, ಮಗುವನ್ನು ಎತ್ತಿಕೊಂಡು ಎದ್ದು ನಿಂತಳು. ತುಪ್ಪದ ಸೌಟು ಹಿಡಿದವಳು ಸೌಟನ್ನು ಹಾಗೇ ಹಿಡಿದು ನಿಂತಳು.

ಯಾರು ಏನೆಂದರೆಂದು ಗಿರಿಜಳಿಗೆ ಗೊತ್ತಿಲ್ಲ. ಅವಳು ತಾಯಿಯ ಮುಖವನ್ನೊಮ್ಮೆ ನೋಡಿದಳು. ಬಾಯಲ್ಲಿದ್ದ ತುತ್ತು ನುಂಗಿ, ತನ್ನ ಎಲೆಯನ್ನೂ ಮಡಿಸಿ ಎದ್ದಳು.